ಬಾರದವರ ಎಲೆ

ಶಿಷ್ಯ ಕೇಳಿದ: "ಗುರುಗಳೆ, ನಾನು ಬರೆದ ಕ್ರಿಪ್ಟೊ ಹಣದ ತಂತ್ರಾಂಶದಿಂದ ಯಾರೂ ಒಂದು ಕಾಸನ್ನೂ ಕದಿಯಲಾರರು. ಆದರೂ ಅದರಲ್ಲಿ ಭದ್ರತಾ ಲೋಪವಿದೆ ಎನ್ನುತ್ತಾರೆ. ಯಾರೋ ಕಿಡಿಗೇಡಿ ಅರ್ಧಂಬರ್ಧ ಸಂದೇಶಗಳನ್ನು ರಾಶಿ ರಾಶಿ ಕಳಿಸುತ್ತಾನಂತೆ. ಉಳಿದರ್ಧ ಬರಲೆಂದು ಕಾಯುತ್ತ ತಂತ್ರಾಂಶ ನಿಂತೇಹೋಗುತ್ತದಂತೆ. ಕಳವೇ ಇಲ್ಲದ ಮೇಲೆ ಅದು ಲೋಪ ಹೇಗಾದೀತು?"

"ಕೂತುಕೋ" ಎಂದು ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ಸಾಹುಕಾರ ಹೆದ್ದಾರಿಯ ಪಕ್ಕದಲ್ಲಿ ಅನ್ನಛತ್ರ ನಡೆಸುತ್ತಿದ್ದ. ಹಸಿದವರು ಹಾಗೇ ಹೋಗಬಾರದು ಎಂಬುದು ಅವನ ವ್ರತ. ಉಗ್ರಾಣಕ್ಕೆ ಬೀಗ, ಬಾಗಿಲಿಗೆ ಕಾವಲು. ಹಿಡಿ ಅಕ್ಕಿ ಕಳವಾದದ್ದಿಲ್ಲ. ಅಲ್ಲಿ ಒಂದು ಪದ್ಧತಿಯಿತ್ತು. ಹಿಂದೆ ಬರುವವರಿಗೆಂದು ಯಾರಾದರೂ ಎಲೆಯ ಮುಂದೆ ಟವೆಲು ಹಾಕಿದರೆ ಆ ಜಾಗ ಅವರದೇ. ಪಂಕ್ತಿ ತುಂಬುವವರೆಗೆ ಬಡಿಸುವಂತಿಲ್ಲ. ಪುಣ್ಯಾತ್ಮ, ಇನ್ನೂ ಬಾರದವರಿಗೂ ಅಷ್ಟು ಮರ್ಯಾದೆ ಕೊಡುತ್ತಿದ್ದ.

ಎದುರಿಗೆ ಒಬ್ಬ ಖಾನಾವಳಿ ಇಟ್ಟಿದ್ದ. ಛತ್ರದ ಪುಕ್ಕಟೆ ಊಟದಿಂದಾಗಿ ನೊಣ ಹೊಡೆಯುತ್ತ ಕೂತಿದ್ದ. ಒಂದು ದಿನ ಅವನು ಹೆಗಲ ತುಂಬ ಟವೆಲು ಹೊತ್ತು ಛತ್ರಕ್ಕೆ ಬಂದ. "ನೆಂಟರು ಹಿಂದೆ ಬರ್ತಾ ಇದಾರೆ" ಎನ್ನುತ್ತ ಎಲೆ ಎಲೆಗೂ ಒಂದೊಂದು ಹಾಕಿ ಹೋದ. ಕಾವಲಿನವನು ತಡೆಯಲಿಲ್ಲ. ಟವೆಲು ಒಳಗೆ ತರುವುದು ಕಳ್ಳತನವೇ?

ನೆಂಟರು ಬರಲಿಲ್ಲ. ಅನ್ನ ಆರಿತು. ಬಾಗಿಲಲ್ಲಿ ಎಳೆಗೂಸನ್ನು ಎತ್ತಿಕೊಂಡ ಒಬ್ಬ ತಾಯಿ ಜಾಗಕ್ಕಾಗಿ ಕಾಯುತ್ತಿದ್ದಳು. ಪಾಪ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾದು ಸಾಕಾಗಿ, ಕೂಸಿಗೆ ಸೆರಗು ಹೊದಿಸಿ ಬಿಸಿಲಿಗಿಳಿದು ಹೋದಳು. ಅದನ್ನು ಕೇಳಿ ಸಾಹುಕಾರ ದಾರಿಗೆ ಓಡಿದ. ಅವಳು ಕಾಣಲಿಲ್ಲ.

ತಿರುಗಿ ಬಂದವನೇ ಟವೆಲುಗಳನ್ನೆಲ್ಲ ಬಾಚಿ ಮೂಲೆಗೆ ಹಾಕಿದ. "ಕೂತವರಿಗೆ ಬಡಿಸ್ರಪ್ಪಾ. ಬರೋರಿಗೆ ಬಂದಾಗ ಎಲೆ ಹಾಕಿದರಾಯ್ತು" ಎಂದ. ಅಂದಿನಿಂದ ಅಲ್ಲಿ ಹಸಿದವರು ಯಾರೂ ನಿಂತು ಕಾಯಲಿಲ್ಲ. ಖಾನಾವಳಿಯವನೂ ಒಂದು ದಿನ ತನ್ನ ಅಡುಗೆ ತಾನೇ ತಿಂದು ಬೇಸತ್ತು ಬಂದು ಕೂತ. ಅವನ ಎಲೆಗೂ ತುಪ್ಪ ಬಿತ್ತು.

ಶಿಷ್ಯನ ಮುಖ ಅರಳಿತು. "ಬಾರದ ಅರ್ಧಕ್ಕೆ ನನ್ನ ತಂತ್ರಾಂಶವೂ ಕಾಯಬಾರದು, ಅಷ್ಟೇ ತಾನೆ? ಇವತ್ತೇ ತಿದ್ದುತ್ತೇನೆ. ಆದರೂ ಗುರುಗಳೆ, ಆ ದಿನ ಛತ್ರದಲ್ಲಿ ಕಳವಾಗಿದ್ದು ಏನೂ ಇಲ್ಲವಲ್ಲ?"

ಗುರುಗಳು ಹೇಳಿದರು: "ಆ ಮಾತನ್ನು ಆ ತಾಯಿಗೆ ಹೇಳಿ ಬಾ."