ಹಂಪಮ್ಮನ ಅಂಚು ಹೊರಗೆ ಹೋದದ್ದು

ಮೊಳಕಾಲ್ಮುರಿನಲ್ಲಿ ಪಾಂಡುರಂಗ ಎಂಬ ನಕ್ಷೆಗಾರನಿದ್ದ. ನೇಕಾರರು ಹೇಳಿದ ಸೀರೆಯ ಅಂಚು, ಸೆರಗುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವುದು ಅವನ ಕಸುಬು. ಒಬ್ಬರ ನಕ್ಷೆಯನ್ನು ಇನ್ನೊಬ್ಬರಿಗೆ ತೋರಿಸುವವನಲ್ಲ. ಆ ನಂಬಿಕೆಯ ಮೇಲೆಯೇ ಜನ ಅವನ ಮನೆಗೆ ಬರುತ್ತಿದ್ದರು.

ನಕ್ಷೆಯ ಫೈಲುಗಳು ದೊಡ್ಡವು. ಕಳಿಸಲು ಸುಲಭವಾಗಲೆಂದು ಅವನು ಪುಕ್ಕಟೆ ಸಿಗುವ ಒಂದು ಫೈಲ್ ಹಂಚುವ ತಂತ್ರಾಂಶ ತಂದ. ಕಂಪ್ಯೂಟರ್ ರಿಪೇರಿಯ ಇಲಿಯಾಸನಿಗೆ ತೋರಿಸಿಯೇ ಹಾಕಿಕೊಂಡ. ಸದ್ಯಕ್ಕೆ ದೋಷವಿಲ್ಲ, ಆದರೆ ಅಪ್‌ಡೇಟ್ ಬಂದಾಗಲೆಲ್ಲ ವಿಚಾರಿಸಿ ಹಾಕಿಕೋ ಎಂದಿದ್ದ ಇಲಿಯಾಸ್. ಪಾಂಡುರಂಗನಿಗೆ ಅದು ಬೇಸರದ ಕೆಲಸವೆನಿಸಿತು. ‘ತಾನಾಗಿಯೇ ಅಪ್‌ಡೇಟ್ ಆಗಲಿ’ ಎಂಬಲ್ಲಿ ಒತ್ತಿ ಮರೆತುಬಿಟ್ಟ.

ಕೆಲವು ತಿಂಗಳಿಗೆ ಆ ತಂತ್ರಾಂಶ ಬೇರೆ ಯಾರದೋ ಕೈಸೇರಿತು. ಅವರು ಕಳಿಸಿದ ಅಪ್‌ಡೇಟಿನ ಜೊತೆಗೇ ಫೈಲುಗಳನ್ನು ಕದ್ದು ಕಳಿಸುವ ಸ್ಪೈವೇರ್ ಎಂಬ ಬೇಹುಗಾರನೂ ಒಳಗೆ ಬಂದ. ಯಾರೂ ಮುಟ್ಟದಿದ್ದಾಗಲೂ ಈ ಕಂಪ್ಯೂಟರ್ ಏನನ್ನೋ ಕಳಿಸುತ್ತಿದೆಯಲ್ಲ ಎಂದು ಹೆಂಡತಿ ಮುಕ್ತಾ ಕೇಳಿದಳು. ಅಪ್‌ಡೇಟ್ ಇರಬೇಕು ಬಿಡು ಎಂದ ಅವನು.

ಹಂಪಮ್ಮ ಎಂಬ ನೇಕಾರ್ತಿ ಹುಣಸೆ ಚಿಗುರಿನ ಹೊಸ ಅಂಚೊಂದನ್ನು ಅವನಿಂದ ಬಿಡಿಸಿಕೊಂಡಿದ್ದಳು. ಅವಳ ಮೊದಲ ಸೀರೆ ಇನ್ನೂ ಮಗ್ಗದ ಮೇಲಿರುವಾಗಲೇ ಅದೇ ಅಂಚಿನ ಅಗ್ಗದ ಸೀರೆಗಳು ಪೇಟೆಗೆ ಬಂದವು. ಅಂಥದ್ದೊಂದನ್ನು ತಂದು ಅವನ ಮುಂದೆ ಹಾಸಿದಳು.

“ನನ್ನ ಅಂಚನ್ನ ಯಾರಿಗೆ ಕೊಟ್ಟೆ?”

ಯಾರಿಗೂ ಕೊಟ್ಟಿಲ್ಲವೆಂದು ಪಾಂಡುರಂಗ ಆಣೆ ಮಾಡಿದ. ಇಲಿಯಾಸನನ್ನು ಕರೆಸಿದ. ಅವನು ನೋಡಿ, ಮೊದಲು ಇಂಟರ್‌ನೆಟ್ ತಂತಿ ಕಿತ್ತ. ಅಪ್‌ಡೇಟಿನ ಜೊತೆ ಬಂದ ಬೇಹುಗಾರನಿಂದ ಎಲ್ಲ ನೇಕಾರರ ನಕ್ಷೆಗಳೂ ಹೊರಗೆ ಹೋಗಿವೆ ಎಂದ.

 ಈ ಸುದ್ದಿ ಊರಿಗೆ ಗೊತ್ತಾದರೆ ಹೊಟ್ಟೆಪಾಡು ಹೋಗುತ್ತದೆ, ನೀವಿಬ್ಬರೂ ಬಾಯಿಬಿಡಬೇಡಿ ಎಂದು ಪಾಂಡುರಂಗ ಕೈಮುಗಿದ.

ಹಂಪಮ್ಮ ಸೀರೆ ಮಡಚುತ್ತ, “ಕದ್ದವನು ನೀನಲ್ಲಪ್ಪ. ಆದರೆ ಬಾಗಿಲು ನಿಂದು” ಎಂದಳು.

 ಪಾಂಡುರಂಗ ಎದ್ದು ಚಪ್ಪಲಿ ಮೆಟ್ಟಿದ. ಎಲ್ಲ ನೇಕಾರರ ಮನೆಗೂ ಹೋಗಿ ನಡೆದದ್ದನ್ನು ಹೇಳಿದ. ಕೆಲವರು ಬೈದರು, ಕೆಲವರು ಇನ್ನು ಬರುವುದಿಲ್ಲ ಎಂದರು. ಆದರೆ ಆಗತಾನೆ ಮಗ್ಗ ಹೂಡುತ್ತಿದ್ದವರು ಅಂಚು ಬದಲಿಸಿಕೊಂಡು ನಷ್ಟದಿಂದ ಉಳಿದರು.

ಹಂಪಮ್ಮ ಮಾತ್ರ ತನ್ನ ಸೀರೆಯನ್ನು ಅರ್ಧಕ್ಕೆ ಬಿಡಲಿಲ್ಲ. ನೇಯ್ದು ಮುಗಿಸಿ, ಮಾರದೆ ಮಗಳಿಗೇ ಉಡಿಸಿದಳು.

ನೀತಿ: ಒಮ್ಮೆ ಪರೀಕ್ಷಿಸಿದ ವಸ್ತು ಸದಾಕಾಲ ಸುರಕ್ಷಿತವಲ್ಲ. ಬದಲಾಗಿ ಬಂದಾಗಲೆಲ್ಲ ಅದನ್ನು ಹೊಸಬರಂತೆ ವಿಚಾರಿಸಿಯೇ ಒಳಗೆ ಬಿಡಬೇಕು. ಇನ್ನೊಬ್ಬರ ಸೊತ್ತು ನಮ್ಮ ಬಳಿ ಇರುವಾಗಲಂತೂ ಬೇಸರ ಸಲ್ಲದು. ಎಡವಿದರೆ ಮುಚ್ಚಿಡುವುದೂ ಸಲ್ಲದು.