ಹಗೇವಿಗೆ ಇಳಿದವರು

“ಗುರುಗಳೇ, ಪೇಟೆಯ ಬ್ಯಾಂಕು ಮುಳುಗುತ್ತದಂತೆ. ಬೆಳಗಿನಿಂದ ಜನ ಅದರ ಬಾಗಿಲಲ್ಲಿ ಸಾಲುಗಟ್ಟಿದ್ದಾರೆ. ತಂಗಿಯ ಓದಿಗೆಂದು ಕೂಡಿಟ್ಟ ಹಣ ಅಲ್ಲಿದೆ. ನಾನೂ ಹೋಗಿ ಬಿಡಿಸಿಕೊಂಡು ಬರಲೇ?” ಎಂದು ಮಠದ ಶಿಷ್ಯ ಚೆನ್ನಮಲ್ಲ ಕೇಳಿದ. ಅವನ ಹೆಗಲಿಗೆ ಆಗಲೇ ಚೀಲ ಏರಿತ್ತು.

“ಮುಳುಗುತ್ತದೆಂದು ಯಾರು ಹೇಳಿದರು?”

“ಯಾರೂ ಹೇಳಲಿಲ್ಲ. ಸಾಲು ನೋಡಿದೆ.”

“ಭೇಷ್! ಕೂತುಕೋ. ಓಡುವುದಾದರೆ ಈ ಕತೆ ಕೇಳಿ ಓಡು,” ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆಯ ಮುಂದೆ ದೊಡ್ಡದೊಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಮನೆಯಷ್ಟು. ಊರವರು ತಮ್ಮ ಜೋಳವನ್ನು ಅದರಲ್ಲಿ ಇಡುತ್ತಿದ್ದರು. ವರ್ತಕ ಒಂದಿಷ್ಟನ್ನು ಬಿತ್ತುವವರಿಗೆ ಕಡ ಕೊಡುತ್ತಿದ್ದ. ಸುಗ್ಗಿಯಲ್ಲಿ ಅದು ಹೆಚ್ಚಾಗಿಯೇ ಹಿಂದಕ್ಕೆ ಬರುತ್ತಿತ್ತು. ಇಟ್ಟವರಿಗೂ ಲಾಭ, ಬಿತ್ತಿದವರಿಗೂ ಲಾಭ. ಇಟ್ಟದ್ದೆಲ್ಲ ಒಳಗೇ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಯಾರ ನಿದ್ದೆಯೂ ಕೆಟ್ಟಿರಲಿಲ್ಲ.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿಕೊಳ್ಳುತ್ತದೆ. ಹೊಕ್ಕವನು ಉಳಿಯುವುದಿಲ್ಲ. ಆದ್ದರಿಂದ ಬಾಯಿಯ ಬಂಡೆ ಸರಿಸಿ ಒಂದು ದಿನ ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಇದು ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತು.

ಒಂದು ಬೆಳಿಗ್ಗೆ ಒಬ್ಬ ಕುಂಬಾರ ಬಂದ. ಅವನ ಮಗಳ ಮದುವೆ ಹತ್ತಿರವಾಗಿತ್ತು. “ಸಾವುಕಾರರೇ, ನನ್ನ ಜೋಳ ಬೇಕಾಗಿತ್ತು,” ಎಂದ. ವರ್ತಕ ಕೂಡಲೇ ಆಳುಗಳಿಂದ ಬಂಡೆ ಸರಿಸಿಸಿ, “ನಾಳೆ ಒಯ್ಯಪ್ಪಾ,” ಎಂದ. ಕುಂಬಾರನ ಮನೆ ಕೆರೆಯಾಚೆ. ಹೋಗಿ ಮತ್ತೆ ಬರುವುದೇಕೆಂದು ಅಲ್ಲೇ ಜಗಲಿಯ ಮೇಲೆ ಕೂತ. ಆ ಮನುಷ್ಯ ಮಾಡಿದ್ದು ಅಷ್ಟೇ.

ಒಬ್ಬ ನೇಕಾರ ಆ ದಾರಿಯಲ್ಲಿ ಬಂದ. ಕುಂಬಾರ ಕೆಲಸ ಬಿಟ್ಟು ಸುಮ್ಮನೆ ಕೂರುವ ಆಸಾಮಿಯಲ್ಲ. ಏನೆಂದು ವಿಚಾರಿಸಿದ. ಜೋಳ ಕೇಳಿದ್ದಕ್ಕೆ ನಾಳೆ ಎಂದರೆಂದು ಕುಂಬಾರ ಹೇಳಿದ. ನೇಕಾರ ಸ್ವಲ್ಪ ಹೊತ್ತು ನಿಂತ. ಆಮೇಲೆ ಅವನೂ ಕೂತ. ಇಬ್ಬರನ್ನೂ ನೋಡಿ ಒಬ್ಬ ಗಾಣಿಗ ಕೂತ. ಮಧ್ಯಾಹ್ನದ ಹೊತ್ತಿಗೆ ಬೀದಿ ತುಂಬಿತು. ಕೂಗಿಲ್ಲ, ಜಗಳವಿಲ್ಲ. ಎಲ್ಲರ ತೊಡೆಯ ಮೇಲೂ ಮಡಿಸಿದ ಖಾಲಿ ಚೀಲ. ಎಲ್ಲರ ಕಣ್ಣೂ ಹಗೇವಿನ ಬಾಯಿಯ ಮೇಲೆ. ಕಂಕುಳ ಕೂಸುಗಳೂ ಅಳಲಿಲ್ಲ. ಹಗೇವಿನಲ್ಲಿ ಒಂದು ಕಾಳೂ ಇಡದವರು ಸಹ ಬಂದು ಕೂತಿದ್ದರು.

ವರ್ತಕ ಹೊರಗೆ ಬಂದವನು ಅವರನ್ನು ಕಂಡು ಬೆವತ. “ಜೋಳ ಇದೆ ಕಣ್ರಪ್ಪಾ, ನಾಳೆಯವರೆಗೆ ತಡೆಯಿರಿ,” ಎಂದು ಕೈಮುಗಿದ. ಅವರಿಗೆ ಕೇಳಿಸಿದ್ದು ನಾಳೆ ಎಂಬುದು ಮಾತ್ರ. ಅವನು ದೀಪ ಕಟ್ಟಿ ಇಳಿಸಿ ತೋರಿಸಿದ. ದೀಪ ಎಲ್ಲರ ಕಣ್ಣೆದುರೇ ನಂದಿತು. “ಒಳಗೆ ಬರಿದಾಗಿರುವುದು ಕಾಣಬಾರದೆಂದು ಇವನೇ ನಂದಿಸಿದ,” ಎಂದಿತು ಒಂದು ಧ್ವನಿ. ಅದು ಯಾರ ಧ್ವನಿಯೆಂದು ಇವತ್ತಿಗೂ ಯಾರಿಗೂ ತಿಳಿಯದು.

ನೇಕಾರ ಏಣಿ ಹಿಡಿದು ಇಳಿದ. ಮೇಲಿನವರು ಕಿವಿಗೊಟ್ಟರು. ಸದ್ದಿಲ್ಲ. ಜೋಳದ ರಾಶಿಯ ಮೇಲೆ ಬಿದ್ದವನ ಸದ್ದು ಮೇಲಕ್ಕೆ ಬರುವುದಿಲ್ಲ. ಮಾತಾಡದೆ ತುಂಬಿಕೊಳ್ಳುತ್ತಿದ್ದಾನೆಂದು ಗಾಣಿಗ ಇಳಿದ. ಅವನೂ ಮಾತಾಡಲಿಲ್ಲ. ಕೆಳಗೆ ಸದ್ದಡಗಿದಷ್ಟೂ ಮೇಲೆ ಆತುರ ಹೆಚ್ಚಿತು. ಒಬ್ಬರ ಹಿಂದೆ ಒಬ್ಬರು ಇಳಿಯುತ್ತಲೇ ಇದ್ದರು. ಒಬ್ಬನೂ ಮೇಲೆ ಬರಲಿಲ್ಲ. ಛೆ, ಏನೆನ್ನಲಿ! ಹುಟ್ಟಿದಂದಿನಿಂದ ಆ ಗಾಳಿಯ ಹೆಸರೆತ್ತಿದರೇ ನಡುಗುತ್ತಿದ್ದ ಜನ ಅವರು.

ಆಗ ಕುಂಬಾರನಿಗೆ ಅಳಿಯನಾಗಬೇಕಿದ್ದ ಹುಡುಗ ಓಡುತ್ತ ಬಂದ. “ಮಾವ, ಇನ್ನೂ ಕೂತೇ ಇದ್ದೀರಲ್ಲ! ಮದುವೆಯ ಜೋಳ ಹೋಯಿತಲ್ಲ!” ಎಂದು ಅವನ ಕೈಯ ಚೀಲ ಕಿತ್ತುಕೊಂಡ. ಕುಂಬಾರ ಬೇಡವೆನ್ನುವಷ್ಟರಲ್ಲಿ ಹುಡುಗನ ತಲೆ ಹಗೇವಿನ ಬಾಯೊಳಗೆ ಮರೆಯಾಗಿತ್ತು. ಕುಂಬಾರ ಮಂಡಿಯೂರಿ, ಕತ್ತಲೆಗೆ ಮುಖವಿಟ್ಟು, ಹುಡುಗನ ಹೆಸರು ಹಿಡಿದು ಕೂಗಿದ. ತನ್ನ ಕೂಗೇ ಅವನಿಗೆ ತಿರುಗಿ ಕೇಳಿಸಿತು. ಮತ್ತೆ ಮತ್ತೆ ಕೂಗಿದ. ಆಗ ಜನ ಹಿಂದಕ್ಕೆ ಸರಿದರು.

ಮರುದಿನ ಇಳಿಸಿದ ದೀಪ ನಂದಲಿಲ್ಲ. ಕುಂಬಾರನೇ ಮೊದಲು ಇಳಿದ. ಜೋಳ ಇತ್ತು. ಆ ವರ್ಷ ನಿಜವಾಗಿ ಬೇಕಾದವರಿಗೆಲ್ಲ ಸಾಲುವಷ್ಟು ಇತ್ತು. ಅದರ ಮೇಲೆ ಅವರೆಲ್ಲ ಬಿದ್ದಿದ್ದರು. ಒಬ್ಬರ ಚೀಲದಲ್ಲೂ ಒಂದು ಕಾಳಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. “ಹಾಗಾದರೆ ಬ್ಯಾಂಕಿನಲ್ಲಿ ಹಣ ಇದೆ ಎನ್ನುತ್ತೀರಾ?” ಎಂದು ಚೆನ್ನಮಲ್ಲ ಕೇಳಿದ.

“ಅದು ನನಗೇನಪ್ಪಾ ಗೊತ್ತು! ಕುಂಬಾರನದು ತಪ್ಪೆಂದೂ ನಾನು ಹೇಳಲಾರೆ. ನಿನ್ನ ತಂಗಿ, ನಿನ್ನ ಹಣ, ಹೋಗು,” ಎಂದರು ಗುರುಗಳು.

ಚೆನ್ನಮಲ್ಲ ಎದ್ದು ಹೊಸ್ತಿಲು ದಾಟುವಾಗ ಅವರೇ ಕರೆದರು:

“ಮಠದವರೂ ಬಂದರಲ್ಲಾ ಎಂದು ನಿನ್ನ ಬೆನ್ನ ಹಿಂದೆ ಬಂದು ನಿಲ್ಲುವವನಿಗೆ ಏನು ಹೇಳುತ್ತೀ, ಅದೊಂದು ನನಗೆ ಹೇಳಿ ಹೋಗು.”