ಅಣ್ಣನ ದೋಣಿ, ತಮ್ಮನ ಎಂಜಿನ್

“ಗುರುಗಳೇ, ಛಲ ಯಾವುದು, ಹಠ ಯಾವುದು?” ಎಂದು ಶಿಷ್ಯ ಕೇಳಿದ. “ಮನಸ್ಸಿನೊಳಗೆ ಇರುವಾಗ ಎರಡೂ ಒಂದೇ ರೀತಿ ಕಾಣುತ್ತವೆ. ಎರಡೂ ಹಿಡಿದದ್ದನ್ನು ಬಿಡುವುದಿಲ್ಲ. ಜನ ಮಾತ್ರ ಒಂದನ್ನು ಹೊಗಳುತ್ತಾರೆ, ಇನ್ನೊಂದನ್ನು ಬಯ್ಯುತ್ತಾರೆ. ಬೇರೆ ಮಾಡಿ ತಿಳಿಯುವುದು ಹೇಗೆ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಹೊಳೆ ಸಮುದ್ರ ಸೇರುವ ಕಡೆ ಒಂದು ನಡುಗಡ್ಡೆ ಇತ್ತು. ಅದರ ಮೇಲೆ ಕೆಲವು ಮನೆಗಳಿದ್ದವು. ಪೇಟೆ, ಶಾಲೆ, ಆಸ್ಪತ್ರೆ ಎಲ್ಲ ಆಚೆ ದಡದಲ್ಲಿ. ಜನರನ್ನು ದಾಟಿಸುವ ಕೆಲಸ ಒಬ್ಬ ಅಂಬಿಗನದು. ಅವನು ಬಹಳ ಕಾಲ ಹುಟ್ಟು ಹಾಕಿ ದುಡಿದು, ಕೊನೆಗೆ ಒಂದು ಫೈಬರ್ ದೋಣಿಯನ್ನೂ ಅದರ ಹಿಂಬದಿಗೆ ಕಚ್ಚಿಸುವ ಎಂಜಿನ್ನನ್ನೂ ಕೊಂಡ. ಅಲ್ಲಿಯವರೆಗೆ ಇಳಿತದ ಹೊತ್ತಿನಲ್ಲಿ ಯಾರೂ ಹೊಳೆ ದಾಟುತ್ತಿರಲಿಲ್ಲ. ನೀರು ಸಮುದ್ರದ ಕಡೆಗೆ ಅಷ್ಟು ಜೋರಾಗಿ ಎಳೆಯುತ್ತಿತ್ತು. ಎಂಜಿನ್ ಬಂದ ಮೇಲೆ ಭರತವಾದರೂ ಸರಿ, ಇಳಿತವಾದರೂ ಸರಿ, ದೋಣಿ ಹೋಗುತ್ತಿತ್ತು, ಬರುತ್ತಿತ್ತು.

ಅಂಬಿಗನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಹಮ್ಮಣ್ಣ, ಚಿಕ್ಕವನು ಜಟ್ಟಪ್ಪ. ತಂದೆ ತೀರಿಕೊಂಡ ಮೇಲೆ ದೋಣಿ ನಡೆಸುವವರು ಯಾರು ಎಂಬ ಮಾತು ಬಂತು. ಇಬ್ಬರೂ ನಾನು ಎಂದರು. ಹಿರಿಯರು ಕೂತು ಪಾಲು ಮಾಡಿದರು. ಜಾಗ, ತೆಂಗಿನಮರ, ಪಾತ್ರೆ, ಬಲೆ ಎಲ್ಲ ಜಗಳವಿಲ್ಲದೆ ಪಾಲಾದವು. ದೋಣಿಯ ವಿಷಯಕ್ಕೆ ಬಂದಾಗ ಇಬ್ಬರೂ ಬಗ್ಗಲಿಲ್ಲ. ಕೊನೆಗೆ ದೊಡ್ಡವನಿಗೆ ದೋಣಿ, ಚಿಕ್ಕವನಿಗೆ ಎಂಜಿನ್ ಎಂದು ತೀರ್ಮಾನವಾಯಿತು. ಆಗಲಾದರೂ ಯಾರಾದರೊಬ್ಬರು ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ.

ಹಮ್ಮಣ್ಣ ದೋಣಿಯನ್ನು ದಡಕ್ಕೆಳೆದು ಹೊನ್ನೆಮರದ ಕೆಳಗೆ ಕವುಚಿ ಹಾಕಿದ. ಜಟ್ಟಪ್ಪ ಎಂಜಿನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಆಚೆ ದಡಕ್ಕೆ ಹೋಗಿ ಬೇರೆ ಮನೆ ಮಾಡಿದ. ಎಂಜಿನ್ ಅಟ್ಟ ಸೇರಿತು. ಅಣ್ಣ ಕೇಳಲಿಲ್ಲ. ತಮ್ಮ ಕೊಡಲಿಲ್ಲ. ಹಮ್ಮಣ್ಣ ತಂದೆಯ ಕಾಲದ ಮರದ ದೋಣಿಯನ್ನು ನೀರಿಗಿಳಿಸಿ, ಮತ್ತೆ ಹುಟ್ಟು ಹಾಕತೊಡಗಿದ. ನಡುಗಡ್ಡೆಯವರು ಮತ್ತೆ ಭರತಕ್ಕೆ ಕಾಯತೊಡಗಿದರು.

ಕೆಲವು ವರ್ಷಗಳ ನಂತರ ಹಮ್ಮಣ್ಣ ಜ್ವರ ಬಂದು ಸತ್ತ. ತಮ್ಮ ಮಣ್ಣಿಗೆ ಬರಲಿಲ್ಲ. ಹಮ್ಮಣ್ಣನ ಹೆಂಡತಿ ಬೀರಮ್ಮ ನೆರೆದವರ ಎದುರಿಗೆ, “ಇನ್ನು ನನ್ನ ಕಾಲು ಅವನ ಮೆಟ್ಟಿಲು ತುಳಿಯುವುದಿಲ್ಲ” ಎಂದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡನ ಹುಟ್ಟನ್ನು ತಾನೇ ಹಿಡಿದು ಜನರನ್ನು ದಾಟಿಸತೊಡಗಿದಳು.

ಒಂದು ಮಳೆಗಾಲ, ಮಧ್ಯಾಹ್ನದ ಹೊತ್ತು. ನೆರೆಮನೆಯ ಹೊನ್ನಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಇಳಿತ ಹೊರಟಿತ್ತು. ಭರತ ತಿರುಗುವವರೆಗೆ ಕಾಯುವಂತಿರಲಿಲ್ಲ. ಬೀರಮ್ಮ ಅವಳನ್ನು ದೋಣಿಯಲ್ಲಿ ಮಲಗಿಸಿಕೊಂಡು ಹೊರಟಳು. ಹೊಳೆಯ ನಡುವೆ ಸೆಳೆತ ದೋಣಿಯನ್ನು ಹಿಡಿಯಿತು. ಅವಳು ಎಷ್ಟು ಹುಟ್ಟು ಹಾಕಿದರೂ ದೋಣಿ ಸಮುದ್ರದ ಕಡೆಗೇ ಹೋಗುತ್ತಿತ್ತು. ಮೀನಿನ ಬಲೆ ಕಟ್ಟುವ ಕಂಬವೊಂದು ಕೈಗೆ ಸಿಕ್ಕಿತು. ಅದನ್ನು ತಬ್ಬಿ ಹಿಡಿದು ನೀರು ತಿರುಗುವವರೆಗೆ ಅಲ್ಲಿಯೇ ನಿಂತಳು. ಆಚೆ ದಡ ಕಣ್ಣಿಗೆ ಕಾಣುತ್ತಿತ್ತು. ಹೊನ್ನಿ ಬದುಕಿದಳು. ಮಗು ಬದುಕಲಿಲ್ಲ.

ಯಾರೂ ಬೀರಮ್ಮನನ್ನು ದೂರಲಿಲ್ಲ. ಹೊಳೆ ಹಾಗೆಯೇ, ಏನು ಮಾಡಲಾದೀತು ಎಂದರು. ಬೀರಮ್ಮ ಆ ಮಾತಿಗೆ ಹೂಂ ಎನ್ನಲಿಲ್ಲ. ಮರುದಿನ ನಾಲ್ಕು ಜನರನ್ನು ಕರೆದು ಹೊನ್ನೆಮರದ ಕೆಳಗಿದ್ದ ದೋಣಿಯನ್ನು ಎತ್ತಿ ನೆಟ್ಟಗೆ ಮಾಡಿಸಿದಳು.

ದೋಣಿಯ ಸ್ಥಿತಿ ನೋಡುವಂತಿರಲಿಲ್ಲ. ಒಳಗೆ ಇರುವೆ ಗೂಡು ಕಟ್ಟಿತ್ತು. ತಳದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಎಂಜಿನ್ ಕಚ್ಚಿಸುವ ಹಿಂದಿನ ಹಲಗೆಗೆ ಕತ್ತಿ ತಾಗಿಸಿದರೆ ಕತ್ತಿ ಒಳಗೇ ಹೋಗುತ್ತಿತ್ತು. ಅವಳು ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನನ್ನು ಕರೆತಂದು ತೋರಿಸಿದಳು. ಅವನು ಒಂದು ಸುತ್ತು ಬಂದು, “ಇದಕ್ಕೆ ಹಾಕುವ ದುಡ್ಡಿಗೆ ಇನ್ನೊಂದು ದೋಣಿ ಬರುತ್ತದೆ ಅಮ್ಮ, ಬಿಟ್ಟುಬಿಡಿ” ಎಂದ. ಅವನು ಸುಳ್ಳು ಹೇಳಲಿಲ್ಲ. ಆದರೆ ಇನ್ನೊಂದು ದೋಣಿ ಕೊಳ್ಳುವ ದುಡ್ಡು ಅವಳಲ್ಲಿ ಇರಲಿಲ್ಲ. ಈ ದೋಣಿಗೆ ಹಾಕುವ ದುಡ್ಡೂ ಇರಲಿಲ್ಲ. ಅವಳಲ್ಲಿ ಇದ್ದದ್ದು ಎರಡು ಕೈ, ಜನರನ್ನು ದಾಟಿಸಿದರೆ ಬರುವ ಬಾಡಿಗೆ, ಹೊಳೆಯಲ್ಲಿ ಸಿಗುವ ಚಿಪ್ಪುಮೀನು.

ಅವಳು ಬಂದರಿಗೆ ಹೋಗಿ, ಬಿರುಕಿಗೆ ತೇಪೆ ಹಾಕುವುದು ಹೇಗೆಂದು ನೋಡುತ್ತ ಕೂತಳು. ಕೆಲಸಗಾರರು ಕತ್ತರಿಸಿ ಎಸೆದ ಫೈಬರ್ ಬಟ್ಟೆಯ ಚೂರುಗಳನ್ನು ಕೇಳಿ ತಂದಳು. ಅಂಟನ್ನು ಮಾತ್ರ ದುಡ್ಡು ಕೊಟ್ಟು ತರಬೇಕಾಯಿತು. ಚಿಪ್ಪುಮೀನು ಮಾರಿ ಅದನ್ನು ಕೊಂಡಳು. ಮೊದಲ ತೇಪೆ ಎರಡೇ ದಿನಕ್ಕೆ ಎದ್ದು ಬಂತು. ತಳ ಒದ್ದೆಯಾಗಿತ್ತು, ಅವಳು ಅವಸರ ಮಾಡಿದ್ದಳು. ಅಷ್ಟೂ ಅಂಟು ಹಾಳಾಯಿತು. ಅವಳು ಅಳುತ್ತ ಕೂರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತಳು. ಅತ್ತು ಮುಗಿದ ಮೇಲೆ ದೋಣಿಯ ಮೇಲೆ ತೆಂಗಿನ ಗರಿಯ ಚಪ್ಪರ ಕಟ್ಟಿದಳು. ಮಡಕೆಗಳಲ್ಲಿ ಕೆಂಡ ತುಂಬಿ ದೋಣಿಯ ಕೆಳಗಿಟ್ಟು ತಳವನ್ನು ಒಣಗಿಸಿದಳು. ಕೈಯಿಂದ ಸವರಿ ನೋಡಿ, ಒಣಗಿದೆ ಎಂದು ನಂಬಿಕೆ ಬಂದ ಮೇಲೆ ಕೆಂಡ ಆರಿಸಿ, ಮತ್ತೆ ಅಂಟು ಹಚ್ಚಿದಳು. ಈ ಸಲ ತೇಪೆ ಹಿಡಿಯಿತು.

ಹಿಂದಿನ ಹಲಗೆಗೆ ಗಟ್ಟಿ ಮರ ಬೇಕಿತ್ತು. ಮನೆಯಲ್ಲಿ ಹಲಸಿನ ಮಂಚವಿತ್ತು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಅದನ್ನು ಕಳಚಿ, ಹಲಗೆ ಕೊಯ್ಸಿ, ಜೋಡಿಸಿ ಬೋಲ್ಟು ಹಾಕಿಸಿದಳು. ಆಮೇಲೆ ಚಾಪೆಯ ಮೇಲೆ ಮಲಗಿದಳು. ದೋಣಿಗೆ ಬಣ್ಣ ಹಚ್ಚಬಾರದೇ ಎಂದು ಯಾರೋ ಕೇಳಿದರು. “ಬಣ್ಣ ಹಚ್ಚಿದರೆ ನೀರು ಒಳಗೆ ಬರುವುದಿಲ್ಲವೋ?” ಎಂದಳು. ಅವರು ಮತ್ತೆ ಕೇಳಲಿಲ್ಲ.

ದೋಣಿ ನೀರಿಗಿಳಿಯಿತು. ಒಂದು ಹನಿಯೂ ಒಳಗೆ ಬರಲಿಲ್ಲ. ಹುಟ್ಟು ಹಾಕಿ ನೋಡಿದಳು. ಮರದ ದೋಣಿಗಿಂತ ಅದು ದೊಡ್ಡದು, ಭಾರ. ಇಳಿತದಲ್ಲಿ ನಡುನೀರಿನವರೆಗೂ ಹೋಗಲಿಲ್ಲ. ಅವಳು ದೋಣಿಯನ್ನು ದಡಕ್ಕೆ ಕಟ್ಟಿ, ಅದರೊಳಗೇ ಬಹಳ ಹೊತ್ತು ಕೂತಳು. ಎಂಜಿನ್ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನೆರೆದವರ ಎದುರು ತಾನು ಏನು ಹೇಳಿದ್ದೆ ಎಂಬುದೂ ಗೊತ್ತಿತ್ತು. ಬೇರೆ ಕಡೆ ವಿಚಾರಿಸಿದಳು. ಹಳೆಯ ಎಂಜಿನ್ನಿಗೂ ಜನ ಹೇಳಿದ ಬೆಲೆ ಅವಳ ಕೈಗೆಟುಕಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಜಟ್ಟಪ್ಪನ ಮನೆಯ ಮೆಟ್ಟಿಲು ಹತ್ತಿದಳು. ಅವನು ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ. ತಲೆ ಎತ್ತಿ ನೋಡಿದ.

“ಅತ್ತಿಗೆ, ಈ ಮೆಟ್ಟಿಲು ತುಳಿಯುವುದಿಲ್ಲ ಎಂದವರು ನೀವಲ್ಲವೇ?”

“ಹೌದು, ನಾನೇ. ಈಗ ತುಳಿದಿದ್ದೇನೆ. ಎಂಜಿನ್ ಕೊಡು ಜಟ್ಟಪ್ಪ.”

“ಅಣ್ಣ ಬದುಕಿರುವಾಗ ಒಂದು ಸಲ ಬಂದು ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ.”

“ಅವರು ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.”

“ಅದು ತುಕ್ಕು ಹಿಡಿದು ಸತ್ತಿದೆ.”

“ಸತ್ತದ್ದನ್ನೇ ಕೊಡು.”

ಅವನು ಮತ್ತೆ ಬಲೆಗೆ ಕೈ ಹಾಕಿದ. “ಕೊಡುವುದಿಲ್ಲ” ಎಂದ. ಅವಳು ಜಗಳ ಮಾಡಲಿಲ್ಲ. ಜಗಲಿಯಲ್ಲಿ ಕೂತು ಹಿಡಿಶಾಪ ಹಾಕಲಿಲ್ಲ. “ನಾಳೆ ಬರುತ್ತೇನೆ” ಎಂದು ಹೇಳಿ ಹೊರಟಳು.

ನಾಳೆಯೂ ಬಂದಳು, ಅದರ ಮರುದಿನವೂ ಬಂದಳು. ಪ್ರತಿ ಸಲ ಒಂದೇ ಮಾತು ಕೇಳುವಳು. ಇಲ್ಲ ಎಂದರೆ ತಿರುಗಿ ಹೋಗಿ ಜನರನ್ನು ದಾಟಿಸುವಳು. ಒಂದು ದಿನ ಜಟ್ಟಪ್ಪ ಮನೆಯಲ್ಲಿ ಇರಲಿಲ್ಲ. ಅವನ ಹೆಂಡತಿ ಹೊರಗೆ ಬಂದು, “ಅಕ್ಕಾ, ಅದು ಅಟ್ಟದಲ್ಲಿದೆ. ಅವರು ಬರುವುದರೊಳಗೆ ತೆಗೆದುಕೊಂಡು ಹೋಗಿಬಿಡಿ. ನಾನೇನೂ ಹೇಳುವುದಿಲ್ಲ” ಎಂದಳು. ಬೀರಮ್ಮ ಅಟ್ಟದ ಏಣಿಯನ್ನು ನೋಡಿದಳು. ಅವಳ ಮನಸ್ಸು ಆ ಏಣಿಯನ್ನು ಆಗಲೇ ಹತ್ತಿತ್ತು.

“ಬೇಡ ತಂಗಿ. ಕದ್ದ ಎಂಜಿನ್ ಕಟ್ಟಿ ಜನರನ್ನು ಹತ್ತಿಸಲಾರೆ. ಅವನು ಕೊಡಲಿ” ಎಂದು ಹೇಳಿ ಬರಿಗೈಯಲ್ಲಿ ಹೋದಳು.

ಅಂದು ಮನೆಗೆ ಬಂದ ಗಂಡನಿಗೆ ಹೆಂಡತಿ ನಡೆದದ್ದನ್ನು ಹೇಳಿದಳು. ಜಟ್ಟಪ್ಪ ಊಟ ಪೂರ್ತಿ ಮಾಡದೆ ಕೈ ತೊಳೆದ. ಮರುದಿನ ಬೀರಮ್ಮ ದೋಣಿ ಕಟ್ಟಿ ದಡ ಹತ್ತುವ ಮೊದಲೇ, ಅವನು ಗೋಣಿಯ ಗಂಟು ಹೊತ್ತು ನೀರಿನ ಅಂಚಿನಲ್ಲಿ ನಿಂತಿದ್ದ.

“ಇದು ನಿಮ್ಮಿಂದ ರಿಪೇರಿ ಆಗುವುದಿಲ್ಲ” ಎಂದ.

“ನಿನ್ನಿಂದ ಆಗುತ್ತದೆಯೇ?”

“ನೋಡಬೇಕು” ಎಂದು ದೋಣಿ ಹತ್ತಿ ಕೂತ.

ಎಂಜಿನ್ ಅವನು ಹೇಳಿದಂತೆಯೇ ಇತ್ತು. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಅಲುಗುತ್ತಿರಲಿಲ್ಲ. ನೀರು ತಳ್ಳುವ ಫ್ಯಾನಿನ ಒಂದು ರೆಕ್ಕೆ ಮುರಿದಿತ್ತು. ಒಳಗಿನ ರಬ್ಬರು ಪುಡಿಪುಡಿಯಾಗಿತ್ತು. ಅವರಿಬ್ಬರೂ ಹೊನ್ನೆಮರದ ಕೆಳಗೆ ಅದನ್ನು ಬಿಚ್ಚಿ ಹರಡಿದರು. ಪ್ಲಗ್ ತೆಗೆದು ಸೀಮೆಎಣ್ಣೆ ತುಂಬಿ ಬಿಟ್ಟರು. ದಿನವೂ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ನೋಡುವುದು, ಮತ್ತೆ ಎಣ್ಣೆ ತುಂಬುವುದು. ಸ್ಪ್ಯಾನರ್ ಕೊಡಿ, ಈ ಕಡೆ ಹಿಡಿಯಿರಿ, ಇದನ್ನು ಒರೆಸಿ, ಅಷ್ಟೇ ಅವರ ಮಾತು. ಸತ್ತವನ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಒಂದು ದಿನ ತಟ್ಟಿದಾಗ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಜಟ್ಟಪ್ಪ ಕೊಡತಿಯನ್ನು ಕೆಳಗಿಟ್ಟ. ಮುಖ ಆಚೆ ತಿರುಗಿಸಿಕೊಂಡು, “ಮಣ್ಣಿಗೆ ಬರಬೇಕೆಂದು ದಡದವರೆಗೆ ಬಂದಿದ್ದೆ ಅತ್ತಿಗೆ. ದೋಣಿ ಹತ್ತಲು ಕಾಲು ಬರಲಿಲ್ಲ” ಎಂದ. ಬೀರಮ್ಮ ಎಣ್ಣೆಯ ಡಬ್ಬಿಯನ್ನು ಅವನ ಕಡೆಗೆ ಸರಿಸಿದಳು.

ಫ್ಯಾನನ್ನು ಗುಜರಿ ಅಂಗಡಿಯಲ್ಲಿ ಹುಡುಕಿ ತಂದರು. ಹೊಸದೇ ಬೇಕಾಗಿದ್ದ ರಬ್ಬರನ್ನು ತರಲು ಜಟ್ಟಪ್ಪ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋಗಿ ದುಡಿದ. ಎಲ್ಲ ಕೂಡಿಸಿ, ಎಂಜಿನ್ನನ್ನು ಹಲಸಿನ ಹಲಗೆಗೆ ಬಿಗಿದರು.

ನಡುಗಡ್ಡೆಯವರು ನೋಡಲು ಬಂದರು. ಇಳಿತ ಜೋರಾಗಿತ್ತು. ಭರತ ತಿರುಗಲಿ, ಆಮೇಲೆ ನೋಡೋಣ ಎಂದು ಹಿರಿಯರು ಹೇಳಿದರು. “ಭರತದಲ್ಲಿ ಹುಟ್ಟು ಹಾಕಿಯೂ ದಾಟಬಹುದು. ಇದನ್ನು ಮಾಡಿದ್ದು ಇಳಿತಕ್ಕೆ” ಎಂದು ಬೀರಮ್ಮ ಹಗ್ಗ ಬಿಚ್ಚಿದಳು. ಇಬ್ಬರೇ ಹೊರಟರು.

ನಡುಹೊಳೆಯಲ್ಲಿ ಎಂಜಿನ್ ಕೆಮ್ಮಿ ನಿಂತಿತು. ದೋಣಿ ಸಮುದ್ರದ ಕಡೆಗೆ ಜಾರತೊಡಗಿತು. ಜಟ್ಟಪ್ಪ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದ. ಮತ್ತೆ ಎಳೆದ. ಅಂಗೈ ಸುಲಿದು ರಕ್ತ ಬಂತು. ಬಲೆ ಕಟ್ಟುವ ಕಂಬಗಳು ಹತ್ತಿರ ಬಂದವು. ಬೀರಮ್ಮ ಅವುಗಳ ಕಡೆಗೆ ಕೈ ಚಾಚಲಿಲ್ಲ. ಹುಟ್ಟು ಹಿಡಿದು ದೋಣಿಯ ಮೂತಿಯನ್ನು ಸೆಳೆತಕ್ಕೆ ಎದುರಾಗಿ ನಿಲ್ಲಿಸಿದಳು. “ಎಳೆ ತಮ್ಮಾ, ನಾನು ಹಿಡಿದಿದ್ದೇನೆ” ಎಂದಳು. ಅವನು ಎಳೆದ. ಎಂಜಿನ್ ಹತ್ತಿಕೊಂಡಿತು. ಹಿಂದಿನ ಹಲಗೆ ಒಂದು ಸಲ ಕಿರ್ರೆಂದಿತು, ಆದರೆ ಬಿಡಲಿಲ್ಲ. ದೋಣಿ ನಿಂತಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಮುಂದಕ್ಕೆ ಹೋಯಿತು. ಆಚೆ ದಡದ ಮರಳು ತಳಕ್ಕೆ ತಾಗಿದಾಗ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

ಅತ್ತಿಗೆ, ಮೈದುನ ಮೊದಲಿನಂತೆ ಒಂದೇ ಮನೆಯವರಾದರು ಎಂದು ಹೇಳಲಾರೆ. ಅವಳು ಈ ದಡದಲ್ಲಿ ಉಳಿದಳು, ಅವನು ಆ ದಡದಲ್ಲಿ ಉಳಿದ. ಒಮ್ಮೊಮ್ಮೆ ಬಾಡಿಗೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯುತ್ತಿತ್ತು. ಆದರೆ ನಡುಗಡ್ಡೆಯ ಜನ ಕಾಯಿಲೆ ಬೀಳಲು ಹೊಳೆಯ ಅಪ್ಪಣೆ ಕೇಳುವುದು ನಿಂತಿತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಯೋಚಿಸಿ ಹೇಳಿದ: “ಮೆಟ್ಟಿಲು ತುಳಿಯುವುದಿಲ್ಲ ಎಂದಾಗ ಬೀರಮ್ಮನಲ್ಲಿದ್ದದ್ದು ಹಠ. ದೋಣಿ ದಾಟಿಸಿದ್ದು ಛಲ. ಅಷ್ಟು ನನಗೆ ತಿಳಿಯಿತು. ಆದರೆ ಅವಳೊಳಗಿನ ಹಠ ಹೊರಟುಹೋದದ್ದು ಯಾವಾಗ ಗುರುಗಳೇ?”

“ಹೋಗಲಿಲ್ಲ, ಅವಳು ಅದಕ್ಕೆ ಕೆಲಸ ಕೊಟ್ಟಳು.”